ಐನ್‌ಮನೆಯ ಕೇಪಿನ ಕೋವಿ: ಲಾಕಿನ ಮೇಲೆ ‘ಟವರ್ 1862’ ಇದೆ, ಮೂಲ ಪತ್ತೆ ಮಾಡುವುದು ಹೇಗೆ?

ಮೂರ್ನಾಡು_ಒಕ್ಕ

ಕೊಡಗಿನಲ್ಲಿರುವ ನಮ್ಮ ಒಕ್ಕದ (ಮನೆತನದ) ಹಿರಿಮನೆ, ಅಂದರೆ ಐನ್‌ಮನೆಯ ಕನ್ನಿ ಕೋಂಬರೆಯಲ್ಲಿ (ಪೂರ್ವಜರನ್ನು ಪೂಜಿಸುವ ಕೋಣೆ) ಒಂದು ಹಳೇ ಕೇಪಿನ ಕೋವಿ ಇದೆ; ಕೇಪು ಎಂದರೆ ಹೊಡೆದರೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿ. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗ ಹೊರಗೆ ತೆಗೆದು ಪೂಜೆ ಮಾಡುತ್ತಾರೆ, ಆಮೇಲೆ ಮತ್ತೆ ಒಳಗೆ. ಇದರಲ್ಲಿ ಈಡು ಹೊಡೆದದ್ದನ್ನು ಕಂಡವರು ಮನೆಯಲ್ಲಿ ಈಗ ಯಾರೂ ಇಲ್ಲ. ಕೋವಿ ಲೈಸೆನ್ಸಿನಿಂದ ಕೊಡುವ ವಿನಾಯಿತಿ ಪತ್ರ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ.

ಅಳತೆ: ನಳಿಗೆ 39 ಅಂಗುಲ, ಒಟ್ಟು ಉದ್ದ 55 ಅಂಗುಲಕ್ಕೆ ಚೂರು ಹೆಚ್ಚು. ಮೂತಿಯ ಒಳವ್ಯಾಸ ವರ್ನಿಯರ್‌ನಲ್ಲಿ 16.7 ಮಿ.ಮೀ. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಗೀರುಗಳಿಲ್ಲ, ನುಣುಪಾಗಿದೆ. ನಳಿಗೆಯನ್ನು ಮರಕ್ಕೆ ಹಿಡಿದಿಟ್ಟಿರುವ ಕಬ್ಬಿಣದ ಪಟ್ಟಿ ಮೂರು. ಟ್ರಿಗರ್ ಕಾವಲು ಮತ್ತು ಬಟ್ಟಿನ (ಹೆಗಲಿಗೆ ಒರಗಿಸುವ ಹಿಂಭಾಗದ) ತಗಡು ಹಿತ್ತಾಳೆ. ಲಾಕ್ ತಗಡಿನ ಹಿಂತುದಿಯಲ್ಲಿ ಕಿರೀಟ, ಅದರ ಕೆಳಗೆ ವಿ.ಆರ್.; ಕುದುರೆಯ (ಕೇಪಿಗೆ ಹೊಡೆಯುವ ಸುತ್ತಿಗೆಯ) ಮುಂದೆ 1862, ಅದರಡಿ ಟವರ್. ಹಿಂದಿನ ಗುರಿಕಟ್ಟು ಒಂದು ಸಣ್ಣ ಕಬ್ಬಿಣದ ದಿಮ್ಮಿ ಅಷ್ಟೇ, ಏಣಿಯ ಹಾಗೆ ಎತ್ತುವಂಥದ್ದು ಅಲ್ಲ. ಬಟ್ಟಿನ ಹಿತ್ತಾಳೆ ನಾಲಗೆಯ ಮೇಲೆ ಇಂಗ್ಲಿಷಿನ ಸಿ, ಅದರ ಕೆಳಗೆ 47.

ಮನೆಯಲ್ಲಿ ಎರಡು ಮಾತಿವೆ. ಟಿಪ್ಪುವಿನ ಸೈನ್ಯದಿಂದ ಕಿತ್ತುಕೊಂಡದ್ದು ಎಂದು ಒಂದು ಕಡೆಯವರು. 1837ರ ದಂಗೆಯ ಕಾಲದಲ್ಲಿ ಬ್ರಿಟಿಷರು ಇನಾಮು ಕೊಟ್ಟದ್ದು ಎಂದು ಇನ್ನೊಂದು ಕಡೆಯವರು. ಯಾವುದು ಸರಿ? 47 ಎಂಬುದು ಸೀರಿಯಲ್ ನಂಬರೇ? ಬೆಂಗಳೂರಿಗೆ ತಂದು ಯಾರಿಗಾದರೂ ತೋರಿಸಬಹುದೇ?

ಗಜಕೋಲು

ಬೆಂಗಳೂರಿಗೆ ತರಬೇಡಿ. ಅದರ ಕಾನೂನು ಬಲ್ಲವರು ಕೆಳಗೆ ಹೇಳುತ್ತಾರೆ. ಮೂಲ ಹುಡುಕುವುದಕ್ಕೂ ಮೊದಲು ಕೋವಿ ತುಂಬಿದೆಯೋ ಖಾಲಿಯೋ ನೋಡಿ. ಬಾಯಿಯಿಂದ ಮದ್ದು ತುಂಬುವ ಕೋವಿಗಳು ಅಜ್ಜಂದಿರ ಕಾಲದ ಈಡನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಗೋಡೆಗೆ ಒರಗಿರುವುದು ಸಾಮಾನ್ಯ. ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ಕೆಡುವುದಿಲ್ಲ.

ಕ್ರಮ ಹೀಗೆ. ನಿಪ್ಪಲ್ಲಿನ (ಕೇಪು ಕೂರಿಸುವ ಸಣ್ಣ ಕೊಳವೆಯ) ಮೇಲೆ ಹಳೇ ಕೇಪು ಕೂತಿದೆಯೇ ಎಂದು ಮೊದಲು ನೋಡಿ. ಕೂತಿದ್ದರೆ ಕುದುರೆಯನ್ನು ಮುಟ್ಟದೆ ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಮನೆಗೇ ಕರೆಸಿ. ಕೇಪು ಇಲ್ಲದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಪಕ್ಕದಲ್ಲಿ ನಿಂತು, ತೆಳು ಮರದ ಕೋಲನ್ನು ಮೂತಿಯಿಂದ ತಳ ಮುಟ್ಟುವವರೆಗೆ ಇಳಿಬಿಡಿ. ಮೂತಿಯ ಮಟ್ಟಕ್ಕೆ ಕೋಲಿನ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಕೋಲನ್ನು ಹೊರಗೆ ತೆಗೆದು, ಗೆರೆಯನ್ನು ಮೂತಿಗೆ ಸರಿಮಾಡಿ ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ತುದಿ ನಿಪ್ಪಲ್ಲಿನ ಹತ್ತಿರಕ್ಕೆ ಬರಬೇಕು. ಎರಡು ಮೂರು ಅಂಗುಲ ಹಿಂದೆಯೇ ನಿಂತರೆ ಒಳಗೆ ಈಡು ಇದೆ ಎಂದೇ ಲೆಕ್ಕ. ಆಗ ಬಿಸಿ ಮಾಡುವುದು, ಡ್ರಿಲ್ ಹಾಕುವುದು, ಕಂಬಿಯಿಂದ ಕುಟ್ಟುವುದು ಯಾವುದೂ ಬೇಡ.

ಇನ್ನು ಗುರುತಿನ ವಿಷಯ. ನೀವು ಅಳತೆ ಕೊಟ್ಟೇ ಕೇಳಿರುವುದರಿಂದ ಅರ್ಧ ಕೆಲಸ ಮುಗಿದಿದೆ.

ಟಿಪ್ಪುವಿನ ಮಾತು ಹೊರಗಿಡಿ. ಟಿಪ್ಪು ಸತ್ತದ್ದು 1799ರ ಮೇ 4ರಂದು. ಆ ಕಾಲದ್ದು ಚಕಮಕಿ ಕಲ್ಲಿನ ಕೋವಿ; ಕೇಪು ಇನ್ನೂ ಹುಟ್ಟಿರಲಿಲ್ಲ. ಟಿಪ್ಪುವಿನ ಕಾರ್ಖಾನೆಯ ಕೋವಿಗಳ ಮೇಲೆ ಹುಲಿಪಟ್ಟೆಯ ಚಿತ್ತಾರ, ಪಾರ್ಸಿ ಬರಹ, ಟಿಪ್ಪು ಜಾರಿಗೆ ತಂದ, ಬಲದಿಂದ ಎಡಕ್ಕೆ ಓದಬೇಕಾದ ಮೌಲೂದಿ ಇಸವಿ ಸಿಗುತ್ತವೆ. ನಿಮ್ಮದರಲ್ಲಿ ಅದೊಂದೂ ಇಲ್ಲ.

1837ರ ಮಾತೂ ನಿಲ್ಲುವುದಿಲ್ಲ, ಲಾಕಿನ ಮೇಲಿನ ಇಸವಿ ಒಂದೇ ಅದಕ್ಕೆ ಕಾರಣವಲ್ಲ. ಕೊಡಗಿನ ದಂಗೆ ಅಡಗಿದಾಗ ವಿಕ್ಟೋರಿಯಾ ಇನ್ನೂ ಪಟ್ಟಕ್ಕೆ ಬಂದಿರಲಿಲ್ಲ. ನಾಲ್ಕನೇ ವಿಲಿಯಂ ತೀರಿಕೊಂಡದ್ದು ಆ ವರ್ಷದ ಜೂನ್ 20ಕ್ಕೆ. ಜೊತೆಗೆ ಆಗ ಮದ್ರಾಸ್ ಸೈನ್ಯದ ಕೋವಿಗಳು ಈಸ್ಟ್ ಇಂಡಿಯಾ ಕಂಪನಿಯವು. ಕಂಪನಿಯ ಕೋವಿಯ ಮೇಲೆ ಹಿಂಗಾಲಿನಲ್ಲಿ ನಿಂತ ಸಿಂಹವಿರುತ್ತದೆ, ಅದಕ್ಕೂ ಹಳೆಯದಾದರೆ ನಾಲ್ಕು ಭಾಗ ಮಾಡಿದ ಹೃದಯದಾಕಾರ. ಕಿರೀಟದ ಕೆಳಗೆ ವಿ.ಆರ್. (ವಿಕ್ಟೋರಿಯಾ ರೆಜೈನಾ, ಅಂದರೆ ರಾಣಿ ವಿಕ್ಟೋರಿಯಾ) ಇದ್ದರೆ ಅದು ರಾಣಿಯ ಸರ್ಕಾರದ ಮಾಲು. ಹಾಗೆಂದು 1837ರಲ್ಲಿ ನಿಮ್ಮ ಒಕ್ಕದವರಿಗೆ ಇನಾಮು ಸಿಕ್ಕಿಯೇ ಇಲ್ಲ ಎನ್ನುವಂತಿಲ್ಲ. ಸಿಕ್ಕಿದ್ದರೂ ಅದು ಈ ಕೋವಿಯಲ್ಲ.

ಹಾಗಾದರೆ ಇದೇನು? 39 ಅಂಗುಲದ ನಳಿಗೆ, ಮೂರು ಪಟ್ಟಿ, ಈ ಲಾಕು ನೋಡಿದವರು ಯಾರಾದರೂ ‘1853ರ ಎನ್‌ಫೀಲ್ಡ್ ರೈಫಲ್’ ಎಂದುಬಿಡುತ್ತಾರೆ. ಎನ್‌ಫೀಲ್ಡ್‌ನ ಒಳವ್ಯಾಸ 0.577 ಅಂಗುಲ, ಅಂದರೆ 14.7 ಮಿ.ಮೀ. ಒಳಗೆ ಮೂರು ಗೀರು, ಹಿಂದೆ ಎತ್ತಿ ನಿಲ್ಲಿಸುವ ಏಣಿ ಗುರಿಕಟ್ಟು. ನಿಮ್ಮದು 16.7, ಗೀರಿಲ್ಲ, ಏಣಿಯಿಲ್ಲ. ಇದು 1857ರ ನಂತರ ಹಿಂದೂಸ್ತಾನದ ಸಿಪಾಯಿಗಳಿಗೆಂದೇ ಮಾಡಿಸಿದ ನುಣುಪು ನಳಿಗೆಯ ಮಸ್ಕೆಟ್. ಹೊರಗಿನ ರೂಪ ಎನ್‌ಫೀಲ್ಡ್‌ನದೇ, ಒಳವ್ಯಾಸ 0.656 ಅಂಗುಲ. ಗೋರಾ ಪಲ್ಟನ್ನಿನ ಕೈಯಲ್ಲಿ ರೈಫಲ್ ಇರಬೇಕು, ಸಿಪಾಯಿಯ ಆಯುಧ ಒಂದು ತಲೆಮಾರು ಹಿಂದೆಯೇ ಇರಬೇಕು ಎಂಬ ಲೆಕ್ಕಾಚಾರದಲ್ಲಿ ಹುಟ್ಟಿದ ಕೋವಿ. ನೂರು ಗಜ ದಾಟಿದರೆ ಇದರ ಗುರಿಯನ್ನು ನೆಚ್ಚುವಂತಿಲ್ಲ. ಏಣಿ ಗುರಿಕಟ್ಟು ಇಟ್ಟು ಪ್ರಯೋಜನವೂ ಇರಲಿಲ್ಲ.

ಇದರಲ್ಲಿ ಎರಡು ಮಾದರಿ. 1858ರದ್ದು ರೈಫಲ್ ನಳಿಗೆಯನ್ನೇ ಕೊರೆದು ಅಗಲಿಸಿದ್ದು. ಗೋಡೆ ತೀರಾ ತೆಳುವಾಗಿ ಸುಲಭಕ್ಕೆ ಬಗ್ಗುತ್ತಿತ್ತು. ಅದಕ್ಕಾಗಿ 1859ರ ಮಾದರಿಯಲ್ಲಿ ದಪ್ಪ ಗೋಡೆಯ ಹೊಸ ನಳಿಗೆ ಮಾಡಿದರು. 1862ರ ಲಾಕು ಎರಡನೆಯದರ ಕಡೆಗೇ ಬೆರಳು ತೋರಿಸುತ್ತದೆ. ಮೂತಿಯ ಹೊರವ್ಯಾಸವನ್ನೂ ಅಳೆದು ಹಾಕಿ, ಗೋಡೆಯ ದಪ್ಪ ತಿಳಿಯುತ್ತದೆ. ಬೇಟೆಯ ಚರೆಗೆಂದು ಊರ ಕಮ್ಮಾರ ಆಮೇಲೆ ಕೊರೆದ ರೈಫಲ್ ಆಗಿದ್ದರೆ ಒಳಮೈ ಒಂದೇ ಸಮ ಇರುವುದಿಲ್ಲ, ಹಿಂದೆ ಏಣಿ ಗುರಿಕಟ್ಟು ಬೆಸೆದಿದ್ದ ಕಲೆಯೂ ಉಳಿದಿರುತ್ತದೆ.

‘ಟವರ್’ ಎಂದರೆ ಲಂಡನ್ನಿನ ಕೋಟೆಯಲ್ಲಿ ತಯಾರಾಗಿದ್ದು ಎಂದು ಓದಬೇಡಿ. ಬರ್ಮಿಂಗ್‌ಹ್ಯಾಮ್, ಲಂಡನ್ನಿನ ಖಾಸಗಿ ಗುತ್ತಿಗೆದಾರರು ಮಾಡಿ, ಸರ್ಕಾರಿ ತಪಾಸಣೆ ಆದ ಕೋವಿಗೆ ಟವರ್ ಮುದ್ರೆ. ಸರ್ಕಾರದ ಸ್ವಂತ ಕಾರ್ಖಾನೆಯದ್ದಾದರೆ ಎನ್‌ಫೀಲ್ಡ್ ಎಂದೇ ಇರುತ್ತದೆ. ಈ ವ್ಯತ್ಯಾಸ ಕೈಗೂ ತಟ್ಟುತ್ತದೆ: ಎನ್‌ಫೀಲ್ಡ್‌ನಲ್ಲಿ ಯಂತ್ರದ ಭಾಗಗಳು, ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ. ಟವರ್‌ನದ್ದು ಕೈಯಲ್ಲಿ ಅರ ಹಾಕಿ ಕೂರಿಸಿದ್ದು, ಒಂದು ಕೋವಿಯ ಸ್ಕ್ರೂ ಇನ್ನೊಂದಕ್ಕೆ ಹೋಗುವುದಿಲ್ಲ. ಬಿಚ್ಚಿದರೆ ಯಾವ ಸ್ಕ್ರೂ ಯಾವ ತೂತಿನದ್ದು ಎಂದು ಗುರುತಿಟ್ಟುಕೊಳ್ಳಿ.

47 ಸೀರಿಯಲ್ ನಂಬರಲ್ಲ. ಆ ಕಾಲದ ಬ್ರಿಟಿಷ್ ಸೈನ್ಯದ ಉದ್ದ ಕೋವಿಗಳಿಗೆ ಕಾರ್ಖಾನೆಯ ಸೀರಿಯಲ್ ನಂಬರೇ ಇರಲಿಲ್ಲ. ‘ನಂಬರ್ ಕೊಡಿ, ಇತಿಹಾಸ ಹೇಳುತ್ತೇವೆ’ ಎಂದು ದುಡ್ಡು ಕೇಳುವವರಿಂದ ದೂರವಿರಿ. ಬಟ್ಟಿನ ಮೇಲಿನದ್ದು ಪಲ್ಟನ್ನಿನಲ್ಲಿ ಹಾಕಿದ ನಂಬರ್, ಕೋವಿಗಳನ್ನು ಸಾಲಾಗಿ ನಿಲ್ಲಿಸುವ ಚೌಕಟ್ಟಿನಲ್ಲಿ ಇದರ ಜಾಗ ಯಾವುದೆಂದು ಹೇಳುವುದು.

ಸುಂಟಿಕೊಪ್ಪ_88

ಸಿ ಎಂದರೆ ಕೂರ್ಗ್ ಇರಬಹುದಲ್ಲ? ಕೂರ್ಗ್ ರೆಜಿಮೆಂಟಿನ 47ನೇ ಕೋವಿ?

ಗಜಕೋಲು

ಇಲ್ಲ. ಕೊಡಗಿನ ಹೆಸರಿನ ಕಾಲಾಳು ಪಲ್ಟನ್ ಎಂದರೆ 71ನೇ ಕೂರ್ಗ್ ರೈಫಲ್ಸ್. ಅದಕ್ಕೆ ಕೊಡಗಿನ ಹೆಸರು ಬಂದದ್ದು 1900ರ ಈಚೆಗೆ, ಮುರಿದದ್ದು 1904ರಲ್ಲಿ. ಅಷ್ಟು ಹೊತ್ತಿಗೆ ನುಣುಪು ಮಸ್ಕೆಟ್ಟು ಹಿಂದಿನಿಂದ ತುಂಬುವ ಸ್ನೈಡರ್ ರೈಫಲ್‌ಗೆ, ಸ್ನೈಡರ್ ಮಾರ್ಟಿನಿ ರೈಫಲ್‌ಗೆ ದಾರಿ ಬಿಟ್ಟು ಬಹಳ ಕಾಲವಾಗಿತ್ತು. ಸಿ ಬಹುಮಟ್ಟಿಗೆ ಕಂಪನಿಯ ಅಕ್ಷರ, ಅಂದರೆ ಪಲ್ಟನ್ನಿನೊಳಗಿನ ತುಕಡಿ. ಪಲ್ಟನ್ನಿನ ಹೆಸರು ಬೇರೆ ಇರಬೇಕು. ಮದ್ರಾಸಿನದ್ದಾದರೆ ಒಂದು ಸಂಖ್ಯೆ, ಅದರ ಮುಂದೆ ಎಂ.ಎನ್.ಐ. (ಮದ್ರಾಸ್ ನೇಟಿವ್ ಇನ್‌ಫೆಂಟ್ರಿ). ಅದು ಸಿಗದೆ ಸಿ 47 ಒಂದರಿಂದ ಪಲ್ಟನ್ ಹೇಳಲು ಬರುವುದಿಲ್ಲ.

ಮೂರ್ನಾಡು_ಒಕ್ಕ

ಕೋಲು ಸರಿಯಾಗಿ ನಿಪ್ಪಲ್ಲಿನ ಮಟ್ಟಕ್ಕೇ ಬಂತು, ಕೋವಿ ಖಾಲಿ. ಬಟ್ಟಿನ ಬಲಗಡೆ ಮರದಲ್ಲಿ ಒಂದು ಉರುಟು ಮುದ್ರೆ ಇದೆ, ಮಸುಕು. ಹಿತ್ತಾಳೆ ಕಪ್ಪಾಗಿದೆ, ಬ್ರಾಸೋ ಹಾಕಿ ಉಜ್ಜಿದರೆ ಇನ್ನೇನಾದರೂ ಅಕ್ಷರ ಕಂಡೀತೇ? ಲಾಕು ಬಿಚ್ಚಬಹುದೇ?

ಗಜಕೋಲು

ಬ್ರಾಸೋ ದಯವಿಟ್ಟು ಬೇಡ. ಪಲ್ಟನ್ನಿನ ಗುರುತುಗಳನ್ನು ಹಿತ್ತಾಳೆಯ ಮೇಲೆ ಮೇಲುಮೇಲೆ ಕೊರೆದಿರುತ್ತಾರೆ. ಇಷ್ಟು ವರ್ಷದ ಪೂಜೆಗೆ ಉಜ್ಜಿ ಉಜ್ಜಿಯೇ ಅರ್ಧ ಹೋಗಿರುತ್ತದೆ. ಮರಕ್ಕೆ ಎಮರಿ ಕಾಗದವನ್ನೂ ತಾಗಿಸಬೇಡಿ, ಆ ಉರುಟು ಮುದ್ರೆ ಒಂದೇ ಉಜ್ಜಿಗೆ ಹೋಗುತ್ತದೆ.

ಅಕ್ಷರ ಓದಲು ಕತ್ತಲೆ ಕೋಣೆ ಮತ್ತು ಒಂದು ಟಾರ್ಚ್ ಸಾಕು. ಟಾರ್ಚನ್ನು ಮೇಲಿನಿಂದಲ್ಲ, ಲೋಹದ ಮೈಗೆ ಹೆಚ್ಚುಕಡಿಮೆ ತಾಗಿಸಿ ಪಕ್ಕದಿಂದ ಬಿಡಿ. ಗೀರಿನ ಒಂದು ಅಂಚಿಗೆ ನೆರಳು ಬಿದ್ದು ಅಕ್ಷರ ಏಳುತ್ತದೆ. ಟಾರ್ಚನ್ನು ಸುತ್ತ ತಿರುಗಿಸುತ್ತಾ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ. ಒಂದು ಕೋನದಲ್ಲಿ 3ರ ಹಾಗೆ ಕಂಡದ್ದು ಇನ್ನೊಂದರಲ್ಲಿ 8 ಆಗುವುದುಂಟು. ಮರದ ಮುದ್ರೆಗೆ ತೆಳು ಕಾಗದ ಹಾಸಿ ಮೆದು ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜಿ.

ಲಾಕು ಬಿಚ್ಚಬಹುದು, ಅವಸರವಿಲ್ಲದೆ. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ. ಎಡಗಡೆಯಲ್ಲಿರುವ ಎರಡು ಉದ್ದ ಸ್ಕ್ರೂಗಳ ಸೀಳಿಗೆ ತುಂಬುವಷ್ಟೇ ಅಗಲ, ದಪ್ಪದ ಸ್ಕ್ರೂಡ್ರೈವರ್ ಬೇಕು. ಸಡಿಲವಾದದ್ದು ಹಾಕಿದರೆ ಸೀಳಿನ ಅಂಚು ಕಿತ್ತುಹೋಗುತ್ತದೆ. ಎರಡನ್ನೂ ಪೂರ್ತಿ ತೆಗೆಯಬೇಡಿ. ಮೂರು ನಾಲ್ಕು ಸುತ್ತು ಸಡಿಲಿಸಿ, ಸ್ಕ್ರೂ ತಲೆಗಳನ್ನು ಮರದ ಕೊಡತಿಯಿಂದ ಒಂದಾದ ಮೇಲೊಂದು ಮೆಲ್ಲಗೆ ತಟ್ಟಿ. ಲಾಕು ಎರಡೂ ತುದಿಯಲ್ಲಿ ಸಮವಾಗಿ ಹೊರಬರುತ್ತದೆ. ಒಂದು ತುದಿಗೆ ಚಾಕು ಹಾಕಿ ಮೀಟಿದರೆ ಅಂಚಿನ ಮರ ಸೀಳಿತೆಂದೇ ಅರ್ಥ, ನೂರಾರು ಹಳೇ ಕೋವಿಗಳಲ್ಲಿ ಆ ಗಾಯ ಕಾಣುತ್ತದೆ. ನಳಿಗೆ ತೆಗೆಯುವುದಾದರೆ ಮೊದಲು ಗಜ (ನಳಿಗೆಯಡಿ ಇರುವ, ಮದ್ದು ಜಡಿಯುವ ಕೋಲು) ಎಳೆದು, ಪಟ್ಟಿಗಳ ಸ್ಕ್ರೂ ಸಡಿಲಿಸಿ, ಕೊನೆಗೆ ನಳಿಗೆಯ ಬಾಲದ ಸ್ಕ್ರೂ. ನಳಿಗೆಯ ಬುಡದ ತಿರುಪನ್ನೂ ನಿಪ್ಪಲ್ಲನ್ನೂ ಮುಟ್ಟಬೇಡಿ. ತುಕ್ಕು ಹಿಡಿದ ನಿಪ್ಪಲ್ಲು ಮುರಿದರೆ ಅದರ ಕೂರುಗುಳಿಯೂ ಹಾಳು.

ನೋಡಬೇಕಾದದ್ದು: ಲಾಕಿನ ಒಳಮೈ, ನಳಿಗೆಯ ಅಡಿ, ಗಜ ಕೂರುವ ಕಾಲುವೆ. ಗುತ್ತಿಗೆದಾರನ ಹೆಸರು ಅಲ್ಲಿರುತ್ತದೆ. ಅಲ್ಲಲ್ಲಿ ರೋಮನ್ ಅಂಕಿಯ ಹಾಗೆ ಗೀರುಗಳಿದ್ದರೆ ಅದು ಕೈಕೆಲಸದವರ ಜೋಡಣೆ ಗುರುತು, ಒಂದೇ ಕೋವಿಯ ಭಾಗಗಳ ಮೇಲೆಲ್ಲ ಒಂದೇ ಗೀರು ಇರಬೇಕು. ನಳಿಗೆಯ ಗೀರು ಬೇರೆ, ಲಾಕಿನ ಗೀರು ಬೇರೆ ಇದ್ದರೆ ಎರಡು ಕೋವಿ ಸೇರಿ ಒಂದಾಗಿದೆ. ಆಗ 1862 ಎಂಬುದು ಲಾಕಿನ ಇಸವಿ ಮಾತ್ರ.

ಮೂರ್ನಾಡು_ಒಕ್ಕ

ನಳಿಗೆಯ ಅಡಿಯಲ್ಲಿ ಟಿ. ಟರ್ನರ್ ಎಂದಿದೆ. ಗೀರುಗಳು ಎರಡರಲ್ಲೂ ಒಂದೇ: ನಾಲ್ಕು ನೇರ ಗೆರೆ, ಒಂದು ಅಡ್ಡ. ಮೂತಿಯ ಹೊರವ್ಯಾಸ ನೋಡಿದರೆ ಗೋಡೆ ತೆಳುವೇನೂ ಅಲ್ಲ. ಬಟ್ಟಿನಲ್ಲಿ ಬಾಣದ ಗುರುತು, ಅದರ ಕೆಳಗೆ ಇಂಗ್ಲಿಷಿನ ಐ ಅಕ್ಷರ ಕಂಡಿತು. ಪಲ್ಟನ್ನಿನ ಹೆಸರು ಎಲ್ಲೂ ಇಲ್ಲ.

ಗಜಕೋಲು

ಚೆನ್ನಾಯಿತು. ಥಾಮಸ್ ಟರ್ನರ್ ಬರ್ಮಿಂಗ್‌ಹ್ಯಾಮಿನ ದೊಡ್ಡ ಗುತ್ತಿಗೆದಾರರಲ್ಲಿ ಒಬ್ಬ; ಸ್ವಿನ್‌ಬರ್ನ್, ಹಾಲಿಸ್ ಅಂಡ್ ಶೀತ್, ಟಿಪ್ಪಿಂಗ್ ಅಂಡ್ ಲಾಡೆನ್ ಜೊತೆಗೆ ಹೆಸರು ಬರುವವನು. ಬಾಣದ ಕೆಳಗಿನ ಐ ಹಿಂದೂಸ್ತಾನದ ಸರ್ಕಾರಿ ಸ್ವತ್ತಿನ ಗುರುತು. ಅಲ್ಲಿಗೆ ಬರ್ಮಿಂಗ್‌ಹ್ಯಾಮಿನಿಂದ ಹಿಂದೂಸ್ತಾನದ ಆಯುಧಾಗಾರದವರೆಗಿನ ದಾರಿ ಗಟ್ಟಿಯಾಯಿತು. ಎರಡು ಬಾಣ ಮೂತಿಗೆ ಮೂತಿ ತಾಗಿಸಿ ಕೊರೆದಿದ್ದರೆ ಸರ್ಕಾರವೇ ಸೇವೆಯಿಂದ ತೆಗೆದು ಮಾರಿದ್ದು ಎಂದರ್ಥ. ಅದು ಇಲ್ಲ ಎಂಬುದೊಂದರಿಂದ ಯಾವ ತೀರ್ಮಾನಕ್ಕೂ ಬರಬೇಡಿ.

ನಕಲಿಯ ಅನುಮಾನ ಇರುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಎರಡು ಮಾತು. ವಾಯುವ್ಯ ಗಡಿ ಪ್ರಾಂತ್ಯದ ಕಮ್ಮಾರರು ಮಾಡಿದ ನಕಲಿನಲ್ಲಿ ಎನ್ ಅಕ್ಷರ ತಿರುಗುಮುರುಗಾಗಿರುತ್ತದೆ, ಇಲ್ಲವೇ ವಿ.ಆರ್. ಕೆಳಗೆ 1901ರ ನಂತರದ ಇಸವಿ ಇರುತ್ತದೆ. ರಾಣಿ ಸತ್ತದ್ದೇ 1901ರ ಜನವರಿಯಲ್ಲಿ. ಕಿರೀಟ ಇದ್ದು ವಿ.ಆರ್. ಇಲ್ಲದಿದ್ದರೆ ಅದು ನಕಲಿಯಲ್ಲ, ಖಾಸಗಿ ಮಾರಾಟಕ್ಕೆ ಮಾಡಿದ ಎನ್‌ಫೀಲ್ಡ್. ಅಂಥದರ ನಳಿಗೆಯ ಮೇಲೆ 24 ಅಥವಾ 25 ಎಂದಿದ್ದರೆ ಅದು ಒಳವ್ಯಾಸದ ಅಂಕಿ, ಪಲ್ಟನ್ ಹುಡುಕಿಕೊಂಡು ಹೋಗಬೇಡಿ.

ಹಳೇಕಡತ

ಕೋವಿ ಹೇಳುವಷ್ಟನ್ನು ಹೇಳಿಯಾಯಿತು. ಆಯುಧಾಗಾರದಿಂದ ಐನ್‌ಮನೆಗೆ ಹೇಗೆ ಬಂತು ಎಂಬುದನ್ನು ಕಾಗದವೇ ಹೇಳಬೇಕು, ಮತ್ತು ಅದನ್ನು ಈಚಿನಿಂದ ಹಿಂದಕ್ಕೆ ಹುಡುಕಬೇಕು. ಲಂಡನ್ನಿನಿಂದ ಶುರು ಮಾಡುವವರು ದುಡ್ಡು ಕಳೆದುಕೊಳ್ಳುತ್ತಾರೆ.

ಮೊದಲು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿ. ಅಜ್ಜನ ವಿನಾಯಿತಿ ಪತ್ರದ ಸಂಖ್ಯೆ ಹಿಡಿದು, ಅದಕ್ಕೂ ಹಿಂದಿನ ವಹಿಯಲ್ಲಿ ಈ ಕೋವಿಯ ದಾಖಲೆ ಯಾರ ಹೆಸರಿನಲ್ಲಿತ್ತು ಎಂದು ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ‘ಹಳೇ ವಹಿ ಇಲ್ಲ’ ಎಂಬ ಉತ್ತರ ಸಿಗುವುದೇ ಹೆಚ್ಚು. ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಸಂಬಂಧಪಟ್ಟ ಪುಟದ ದೃಢೀಕೃತ ನಕಲು ಎಂದು ಸ್ಪಷ್ಟವಾಗಿ ಬರೆಯಿರಿ. ಜೊತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇರಲಿ. ಹೆಚ್ಚಿನವರು ಎಡವುವ ಜಾಗ ಒಂದಿದೆ: ಹಳೇ ಕಾಗದದಲ್ಲಿ ಅಜ್ಜನ ಅಪ್ಪನ ಹೆಸರು ಹುಡುಕುತ್ತಾರೆ, ಕೋವಿ ಇರುವುದು ಒಕ್ಕದ ಆಗಿನ ಪಟ್ಟೆದಾರರ (ಹಿರಿಯ ಯಜಮಾನರ) ಹೆಸರಿನಲ್ಲಿ. ಜಮ್ಮಾ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ) ದಾಖಲೆ ನೋಡಿ ಯಾವ ಕಾಲಕ್ಕೆ ಯಾರು ಪಟ್ಟೆದಾರರು ಎಂಬ ಪಟ್ಟಿ ಮೊದಲು ಮಾಡಿಕೊಳ್ಳಿ.

ಅದಕ್ಕೂ ಹಿಂದಿನದ್ದಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಕೊಡಗಿನ ಕಮಿಷನರ್ ಕಾಲದ ಕಡತಗಳು ಅಲ್ಲಿವೆ. ಕೊಡಗಿನವರಿಗೆ ನಿರಾಯುಧೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟದ್ದು 1861ರಲ್ಲಿ, ಮಾರ್ಕ್ ಕಬ್ಬನ್ ಕಾಲದಲ್ಲಿ. ನಿಮ್ಮ ಲಾಕಿನ ಇಸವಿ ಅದರ ಮರುವರ್ಷ. ಈ ಎರಡನ್ನೂ ಸೇರಿಸಿ ‘ಆಗಲೇ ಕೊಟ್ಟರು’ ಎಂದು ಕತೆ ಕಟ್ಟುವ ಆಸೆ ಬರುತ್ತದೆ. ಸಿಪಾಯಿಗಳ ಕೈಯಲ್ಲಿ ಹೊಸದಾಗಿದ್ದ ಮಸ್ಕೆಟ್ಟನ್ನು ಆಗ ಊರವರಿಗೆ ಹಂಚುವ ಸಂಭವ ಕಡಮೆ. ಸ್ನೈಡರ್ ಬಂದು ಇವು ಮೂಲೆ ಸೇರಿದ ಮೇಲಿನ ವರ್ಷಗಳಲ್ಲಿ, ಅಂದರೆ 1870ರ ಈಚೆಗೆ ಹುಡುಕಿ.

ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಈಗಿನ ಹೆಸರು ಹಾಕಿದರೆ ಏನೂ ಬರುವುದಿಲ್ಲ. ಕೊಡಗಿಗೆ ಕೂರ್ಗ್, ಮಡಿಕೇರಿಗೆ ಮರ್ಕಾರಾ, ವಿರಾಜಪೇಟೆಗೆ ವೀರರಾಜೇಂದ್ರಪೇಟ್, ಕುಶಾಲನಗರಕ್ಕೆ ಫ್ರೇಸರ್‌ಪೇಟ್ ಎಂದು ಇಂಗ್ಲಿಷಿನಲ್ಲಿ ಹಾಕಿ. ಮಡಿಕೇರಿ ಕೋಟೆಯಲ್ಲಿದ್ದದ್ದು ಮದ್ರಾಸ್ ಸೈನ್ಯದ ಪಲ್ಟನ್‌ಗಳಾದ್ದರಿಂದ ಚೆನ್ನೈ ಎಗ್ಮೋರಿನ ಪತ್ರಾಗಾರದ ಮಿಲಿಟರಿ ಕಡತಗಳನ್ನೂ ಬಿಡಬೇಡಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಪಲ್ಟನ್‌ಗಳ ವಿಷಯ ಸಿಗುತ್ತದೆಯೇ ಹೊರತು ಒಂದೊಂದು ಕೋವಿಯ ಲೆಕ್ಕವಲ್ಲ. ರೂಪ ಹೋಲಿಸಿ ನೋಡಲು ಲೀಡ್ಸ್‌ನ ರಾಯಲ್ ಆರ್ಮರೀಸ್‌ನ ಆನ್‌ಲೈನ್ ಸಂಗ್ರಹ ಚೆನ್ನಾಗಿದೆ.

ಕಲಂ45

ಇಷ್ಟೆಲ್ಲ ಓಡಾಡುವ ಮೊದಲು ಹೆಸರು ಬದಲಿಸಿಕೊಳ್ಳಿ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಗೃಹ ಇಲಾಖೆ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ವಿನಾಯಿತಿ ಸಿಗುವುದು ವ್ಯಕ್ತಿಗೆ. ಅಜ್ಜ ತೀರಿಕೊಂಡ ಮೇಲೆ ಅವರ ಪತ್ರ ತೋರಿಸಿ ‘ಮನೆ ಕೋವಿ’ ಎಂದರೆ ಸಾಲದು. ಒಕ್ಕದಲ್ಲಿ ಅರ್ಹರಾದ ಒಬ್ಬರು, ಉಳಿದ ವಾರಸುದಾರರ ಒಪ್ಪಿಗೆ ಬರಹದೊಂದಿಗೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಕೊಡಗಿನ ಗಡಿ ದಾಟಿಸಿ ಬೆಂಗಳೂರಿಗೆ ಒಯ್ಯುವ ಯೋಚನೆ ಬೇಡ, ಫೋಟೋ ಸಾಕು.

‘ಹಳೇದಲ್ಲವೇ, ಲೈಸೆನ್ಸ್ ಯಾಕೆ’ ಎನ್ನುವವರಿಗೆ: 1959ರ ಆಯುಧ ಕಾಯ್ದೆಯ 45ನೇ ಕಲಂ ಹಳೇ ಮಾದರಿಯ, ಪುರಾತನ ಬೆಲೆಯ ಆಯುಧವನ್ನು ಹೊರಗಿಡುವುದು ನಿಜ, ಆದರೆ ರಿಪೇರಿ ಮಾಡಿದರೂ ಹಾರದಂಥದ್ದನ್ನು ಮಾತ್ರ. ನಳಿಗೆ ಗಟ್ಟಿ, ಲಾಕು ಸರಿಯಿರುವ ಈ ಕೋವಿ ಅದರೊಳಗೆ ಬರುವುದಿಲ್ಲ. ಪತ್ರವಿಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಎರಡರಿಂದ ಐದು ವರ್ಷ. ಯಾರ ಹೆಸರಿಗೂ ಆಗದಿದ್ದರೆ 21ನೇ ಕಲಮಿನಂತೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ರಸೀದಿಯಲ್ಲಿ ಟವರ್ 1862, ಸಿ 47 ಎಲ್ಲ ಬರೆಸಿ, ‘ಹಳೇ ಕೋವಿ 1’ ಎಂದಷ್ಟೇ ಬರೆದರೆ ವಾಪಸು ಬರುವುದು ಬೇರೆ ಯಾವುದೋ ಆದೀತು. ಹೊರದೇಶದಲ್ಲಿರುವ ಮಕ್ಕಳು ನೆನಪಿಗೆ ಒಯ್ಯುತ್ತೇವೆಂದರೆ ಆಗುವುದಿಲ್ಲ: ನೂರು ವರ್ಷ ದಾಟಿದ್ದರಿಂದ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅಡ್ಡ ಬರುತ್ತದೆ.

ಗಜಕೋಲು

ಇಡುವ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಕೈಲ್‌ಪೊಳ್ದಿಗೆ ನಳಿಗೆಯ ಮೂತಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ಲಾಕಿಗೆ ಗಂಧ ಹಚ್ಚುವುದು ಪದ್ಧತಿ. ಹಚ್ಚಿ, ಆದರೆ ಅದೇ ಸಂಜೆ ತೆಗೆಯಿರಿ. ಸೆಪ್ಟೆಂಬರಿನ ಆ ಥಂಡಿಯಲ್ಲಿ ಒದ್ದೆ ಗಂಧದ ಅಡಿ ಒಂದು ವಾರಕ್ಕೇ ಕಬ್ಬಿಣ ಕಚ್ಚಿ ಗುಳಿ ಬೀಳುತ್ತದೆ. ಹೂವಿನ ತೊಟ್ಟು ಮೂತಿಯೊಳಗೆ ಕೊಳೆತರೂ ಅಷ್ಟೇ. ಒಣಬಟ್ಟೆಯಲ್ಲಿ ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ತೆಂಗಿನೆಣ್ಣೆ ಬೇಡ, ಅದು ಲಾಕಿನೊಳಗೆ ಅಂಟಾಗಿ ಧೂಳು ಹಿಡಿಯುತ್ತದೆ. ಕೆಂಪು ಹುಡಿ ಏಳುವ ತುಕ್ಕಿದ್ದರೆ ಎಣ್ಣೆ ಹಾಕಿ ಅತಿ ನಯದ ಸ್ಟೀಲ್ ವೂಲಿನಲ್ಲಿ ಮೆಲ್ಲಗೆ ಉಜ್ಜಿ. ಗಟ್ಟಿಯಾಗಿ ಕೂತ ಕಂದು ಬಣ್ಣವನ್ನು ಮಾತ್ರ ಹಾಗೇ ಬಿಡಿ. ಚರ್ಮದ ಚೀಲದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಸುತ್ತಿಡಬೇಡಿ, ಮಳೆಗಾಲದ ನೀರು ಒಳಗೇ ನಿಲ್ಲುತ್ತದೆ. ಒಲೆಯ ಹೊಗೆ ತಾಗದ ಒಳಗೋಡೆಗೆ, ಮೂತಿ ಕೆಳಗೆ ಮಾಡಿ ಮರದ ಗೂಟಕ್ಕೆ ಒರಗಿಸಿ. ಮೇಲೆ ಮಾಡಿ ಇಟ್ಟರೆ ಒಳಗಿನ ಎಣ್ಣೆಯೆಲ್ಲ ಇಳಿದು ಬುಡದ ಮರವನ್ನು ಮೆತ್ತಗೆ ಮಾಡುತ್ತದೆ.